ಪಾಳಿಯಲ್ಲಿ ಇಟ್ಟ ಹುಡುಗಿ

ಹೋದ ತಿಂಗಳು ನಮ್ಮ ಮನೆಗೆ ಒಂದು ಗಿರಣಿ ಬಂತು. ಗಿರಣಿ ಅಂದರೆ ಊರ ಗಿರಣಿಯಲ್ಲ. ಕಪಾಟಿನಂತೆ ಕಾಣುವ, ಕೆಳಗೆ ಗಾಲಿ ಇರುವ, ಮೈಮೇಲೆ ಸೂರ್ಯಕಾಂತಿ ಹೂವಿನ ಚಿತ್ರ ಅಂಟಿಸಿಕೊಂಡ ಒಂದು ಪೆಟ್ಟಿಗೆ. ನನ್ನ ಗಂಡ ಅದನ್ನು ಅಡಿಗೆಮನೆಯ ಮೂಲೆಯಲ್ಲಿ ನಿಲ್ಲಿಸಿ, ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡವರ ಹಾಗೆ ದೂರ ನಿಂತು ನೋಡಿದರು. ನಾನು ಎರಡು ಸೇರು ಜೋಳ ಸುರಿದು ಗುಂಡಿ ಒತ್ತಿದೆ. ಅದು ಮೆಲ್ಲಗೆ ಗುಂಯ್ ಅಂದುಕೊಂಡು, ಮುಗಿದ ಮೇಲೆ ಮೂರು ಸಲ ಪೀಪಿ ಊದಿ ಸುಮ್ಮನಾಯಿತು. ಬಾಗಿಲು ತೆಗೆದೆ. ಬಿಸಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು...

"ಏನಾತು?" ಎಂದರು ಗಂಡ. ಏನೂ ಇಲ್ಲ, ಕಣ್ಣಿಗೆ ಹಿಟ್ಟು ಹೋಯಿತು ಎಂದೆ. ಅವರು ತಕ್ಷಣ ಗ್ಯಾರಂಟಿ ಕಾರ್ಡು ಹುಡುಕಲು ಎದ್ದರು.

ನನ್ನ ಕಣ್ಣಿಗೆ ಹೋದದ್ದು ಹಿಟ್ಟಲ್ಲ, ಗಿರಣಿ ಚಾಚಾ. ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಬಲಕ್ಕೆ ಹೊರಳಿದರೆ ಸಿಗುವ ನಮ್ಮ ಊರಿನ ಒಂದೇ ಒಂದು ಹಿಟ್ಟಿನ ಗಿರಣಿ ಅವರದು. ಮೂವತ್ತು ವರ್ಷ ಆ ಗದ್ದಲದೊಳಗೇ ಬದುಕಿ ಅವರ ಕಿವಿ ಮಂದವಾಗಿತ್ತು. ತಮಗೆ ಕೇಳದ್ದು ಲೋಕಕ್ಕೂ ಕೇಳುವುದಿಲ್ಲ ಎಂದು ನಂಬಿದ್ದರಿಂದ ಅವರು ಆಡುತ್ತಿದ್ದ ಮಾತೆಲ್ಲ ಕೂಗೇ. ನಮಾಜಿಗೆ ಹೋದಾಗ ಬಾಜೂದವರ ಕಿವಿಯಲ್ಲಿ ಅವರು ಹೇಳಿದ ಗುಟ್ಟು ಮಸೀದಿಯ ಹೊರಗೆ ಕಟ್ಟೆಯ ಮೇಲೆ ಕೂತವರಿಗೂ ಕೇಳುತ್ತಿತ್ತಂತೆ. ಊರಲ್ಲಿ ಯಾರ ಮನೆಗೆ ಕನ್ಯೆ ನೋಡಲು ಬಂದರು, ಯಾರು ಒಲ್ಲೆ ಎಂದು ಹೋದರು ಎಂಬುದೆಲ್ಲ ಮೊದಲು ಗಿರಣಿಯಲ್ಲೇ ಜಾಹೀರಾಗುತ್ತಿತ್ತು. ಚಾಚಾನ ಮುಂದೆ ಗುಟ್ಟು ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನನ್ನ ಅವ್ವ ತೀರಿಕೊಂಡಳು. ಹೊಟ್ಟೆಯ ಬೇನೆ. ಕೆಲವು ತಿಂಗಳು ಹಾಸಿಗೆ ಹಿಡಿದಳು, ಒಂದು ಮುಂಜಾನೆ ಹುಬ್ಬಳ್ಳಿ ದವಾಖಾನೆಗೆ ಹೊರಟು ನಿಂತು, ನನ್ನ ಗಲ್ಲ ಹಿಂಡಿ, "ಬರ್ತೀನಿ" ಎಂದಳು. ನಮ್ಮ ಕಡೆ ಮನೆ ಬಿಡುವಾಗ ಹೋಗುತ್ತೇನೆ ಎನ್ನಬಾರದು, ಅದು ಅಪಶಕುನ. ಬರುತ್ತೇನೆ ಎಂದೇ ಹೊಸ್ತಿಲು ದಾಟಬೇಕು. ಅವ್ವ ರಿವಾಜು ತಪ್ಪಲಿಲ್ಲ. ಬರುವುದೊಂದನ್ನು ತಪ್ಪಿದಳು.

ನನ್ನನ್ನು ಆ ದಿನಗಳಲ್ಲಿ ಬಾಜೂಮನೆಯಲ್ಲಿ ಇಟ್ಟಿದ್ದರು. ಎಲ್ಲ ಮುಗಿದ ಮೇಲೆ ಕರೆತಂದರು. ಅವ್ವ ಎಲ್ಲಿ ಎಂದರೆ ಒಬ್ಬರು ಊರಿಗೆ ಹೋಗಿದ್ದಾಳೆ ಎಂದರು, ಒಬ್ಬರು ಮಲಗಿದ್ದಾಳೆ ಎಂದರು, ಮನೆ ನೋಡಿಕೊಳ್ಳಲು ಬಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಶಿವನ ಪಾದ ಸೇರಿದ್ದಾಳೆ ಎಂದು ಕಣ್ಣು ಒರೆಸಿಕೊಂಡಳು. ಶಿವನ ಪಾದಕ್ಕೆ ಹೋಗಿ ಬರಲು ಎಷ್ಟು ದಿನ ಬೇಕು, ಬಸ್ಸು ಎಲ್ಲಿಂದ ಸಿಗುತ್ತದೆ ಎಂದು ನಾನು ಕೇಳಿದೆ. ಅತ್ತೆ ಇನ್ನೂ ಜೋರಾಗಿ ಅತ್ತಳು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಹೊರಗೆ ಹೋದರೆ ಪಿಸುಪಿಸು ಶುರುವಾಗುತ್ತಿತ್ತು. ಆ ಪಿಸುಮಾತಿನಲ್ಲಿ ನನಗೆ ಕೇಳಿಸಿದ್ದು ಒಂದೇ: "ದೇವರಂಥಾಕಿ, ದೇವರಂಥಾಕಿ." ಅದನ್ನು ಕೇಳಿ ಕೇಳಿ ನನ್ನ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಟ್ಟೆ ಒಗೆಯುತ್ತಿದ್ದವಳು ಹೋಗಿ, ಗೋಡೆಯ ಕ್ಯಾಲೆಂಡರಿನೊಳಗಿನ ದೇವಿಯೇ ಆಗಿಬಿಟ್ಟಳು.

ನಾನು ದಿನಾ ಸಂಜೆ ಹುಬ್ಬಳ್ಳಿ ಬಸ್ಸಿನ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಯಾರೂ ಇಳಿಯದಾಗ ನನ್ನಷ್ಟಕ್ಕೆ ನಾನೇ ಒಂದು ಸಿದ್ಧಾಂತ ಕಟ್ಟಿಕೊಂಡೆ. ಬರ್ತೀನಿ ಎಂದು ಹೇಳಿ ಹೋದವರು ಬರುವುದಿಲ್ಲ. ನನ್ನ ಅಪ್ಪ ಊರಿನ ಲೈನ್‌ಮನ್. ದಿನಾ ಮುಂಜಾನೆ ಸೈಕಲ್ಲು ಹಿಡಿದು "ಬರ್ತೀನಿ" ಎನ್ನುವವರು, ಅದರ ಮೇಲೆ ಕಂಬ ಬೇರೆ ಹತ್ತುವವರು. ಅವರನ್ನು ಹೊರಗೆ ಬಿಡುವುದೆಂದರೆ ಮುಗಿಯಿತು ಅನಿಸಿತು.

ಅಳುವುದು, ಹಟ ಹಿಡಿಯುವುದು ನನ್ನ ದಾರಿಯಲ್ಲ. ನನ್ನ ವಿದ್ಯೆ ಮುಚ್ಚಿಡುವುದು. ಮೊದಲ ದಿನ ಅಪ್ಪನ ಚಪ್ಪಲಿ ಮುಚ್ಚಿಟ್ಟೆ, ಬರಿಗಾಲಲ್ಲಿ ಹೋದರು. ಮರುದಿನ ಸೈಕಲ್ಲಿನ ಗಾಳಿ ಬಿಟ್ಟೆ, ನಡೆದುಕೊಂಡು ಹೋದರು. ಮೂರನೆಯ ದಿನ ಅಂಗಿಯನ್ನು ನೀರಿಗೆ ಹಾಕಿದೆ. ಹಸಿ ಅಂಗಿಯಲ್ಲೇ ಹೋಗಿ ನೆಗಡಿ ಹಚ್ಚಿಕೊಂಡು ಬಂದರು. ಅತ್ತೆಗೆ ಸಾಕಾಯಿತು. ಯರಗುಪ್ಪಿಯಿಂದ ಸೋದರಮಾವನನ್ನು ಕರೆಸಿದಳು. ದೊಡ್ಡವರೆಲ್ಲ ಪಡಸಾಲೆಯಲ್ಲಿ ಕೂತು ಪಿಸುಗುಟ್ಟಿ ತೀರ್ಮಾನ ಮಾಡಿದರು. ಈಗ ಬೇಸಿಗೆ ಸೂಟಿ. ಸಾಲಿ ಶುರುವಾಗುವುದರೊಳಗೆ ಹುಡುಗಿ ಅಪ್ಪನನ್ನು ನೆಟ್ಟಗೆ ಕೆಲಸಕ್ಕೆ ಬಿಡುವಂತಾದರೆ ಸರಿ, ಇಲ್ಲದಿದ್ದರೆ ಯರಗುಪ್ಪಿಗೆ ಕಳಿಸುವುದು, ಅಲ್ಲೇ ಸಾಲಿಗೆ ಹಚ್ಚುವುದು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ಅಪ್ಪ ನೆಲ ನೋಡುತ್ತ ಕೂತಿದ್ದರು.

ನಾಲ್ಕನೆಯ ದಿನ ನಾನು ಅಪ್ಪ ತಂತಿ ಹಿಡಿದು ಕತ್ತರಿಸುವ ಪಕ್ಕಡವನ್ನೇ ಜೋಳದ ಚೀಲದಲ್ಲಿ ಹುಗಿದೆ. ಪಕ್ಕಡವಿಲ್ಲದ ಲೈನ್‌ಮನ್ ಎಂದರೆ ಕತ್ತರಿಯಿಲ್ಲದ ಸಿಂಪಿಗ. ಅವತ್ತೇ ಊರ ಹೊರಗೆ ತಂತಿ ಕಡಿದಿತ್ತು. ಮುಂಜಾನೆಯಿಂದ ಊರಿಗೆ ಕರೆಂಟಿಲ್ಲ, ನಲ್ಲಿಗೆ ನೀರಿಲ್ಲ, ಗಿರಣಿ ಬಂದ್. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಿಗೆ ಚಾಚಾ ಬಂದು ನಿಂತರು. ಮೈತುಂಬ ಹಿಟ್ಟು, ಹುಬ್ಬು, ಗಡ್ಡ, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗೆ.

"ಏ ಲೈನ್‌ಮನ್! ಸತ್ತಿಯೋ ಬದಕಿಯೋ? ಹದಿನಾಲ್ಕು ಡಬ್ಬಿ ಪಾಳ್ಯಾಗ ಕುಂತಾವು!"

ಒಳಗಿಂದ ಅತ್ತೆ ಓಡಿ ಬಂದಳು. "ಮೆತ್ತಗ ಮಾತಾಡ್ರಿ ಚಾಚಾ, ಕೂಸು ಕೇಳ್ತೈತಿ."

"ಕೇಳ್ಲಿ! ಅದಕ್ಕ ಕಿವಿ ಅದಾವು, ಕೇಳ್ಲಿ! ನನಗಂತೂ ಇಲ್ಲ!"

ಪಕ್ಕಡ ಕಾಣೆಯಾದದ್ದನ್ನು, ನಾನು ಹೊರಗೆ ಬಿಡದಿರುವುದನ್ನು ಅಪ್ಪ ಹೇಳಿದರು. ಎರಡು ಸಲ ಹೇಳಿದ ಮೇಲೆ ಚಾಚಾಗೆ ತಿಳಿಯಿತು. ಅವರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. "ಯಾಕ ಬೇ, ಯಾಕ ಬಿಡೂದಿಲ್ಲ ಅಪ್ಪನ್ನ?"

ಅಷ್ಟು ದಿನದಲ್ಲಿ ಯಾಕೆ ಎಂದು ನನ್ನನ್ನೇ ಕೇಳಿದವರು ಅವರೊಬ್ಬರೇ. ನಾನೂ ಕೂಗಿಯೇ ಹೇಳಿದೆ, ಇಲ್ಲದಿದ್ದರೆ ಅವರಿಗೆ ಕೇಳುವುದಿಲ್ಲವಲ್ಲ. "ಅಪ್ಪನೂ ಬರ್ತೀನಿ ಅಂತ ಹೋಕ್ಕಾನ. ಅವ್ವನಂಗ ಬರೂದ ಇಲ್ಲ!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಚಾಚಾ ಎದ್ದು ಹೋಗಿ ಅಪ್ಪನ ಹಣೆ ಮುಟ್ಟಿ ನೋಡಿದರು. ಅಪ್ಪನ ಹಣೆಯ ಮೇಲೆ ವಿಭೂತಿ ಎಳೆದಂತೆ ಹಿಟ್ಟಿನ ಪಟ್ಟೆ ಮೂಡಿತು.

"ಜ್ವರ ಇಲ್ಲ. ಕೇಳಿಲ್ಲಿ. ನಿಮ್ಮವ್ವಗ ದೊಡ್ಡ ಬ್ಯಾನಿ ಇತ್ತು. ಡಾಕ್ಟರ್ ತಮ್ಮ ಕೈಲಾದದ್ದೆಲ್ಲಾ ಮಾಡಿದ್ರು, ಆಗ್ಲಿಲ್ಲ, ಸತ್ಲು. ಆಕಿ ಬರೂದಿಲ್ಲ. ನಿಮ್ಮಪ್ಪಗೇನಾಗೇತಿ? ಅಗದಿ ಕ್ವಾಣ ಇದ್ದಂಗ ಅದಾನ. ಇಂವ ಸಂಜಿಗೆ ಬರ್ತಾನ."

ಸತ್ತಳು ಎಂಬ ಮಾತನ್ನು ನಾನು ಆವತ್ತೇ ಮೊದಲು ಕೇಳಿದ್ದು. ನನಗೆ ಮೊದಲು ಬಂದದ್ದು ಸಿಟ್ಟು. ಹಾಗಾದರೆ ಇಷ್ಟು ದಿನ ಬಸ್ಸಿನ ಹೊತ್ತಿಗೆ ಸುಮ್ಮಸುಮ್ಮನೆ ಹೋಗಿ ನಿಂತೆನಲ್ಲ ಎಂದು. ಆಮೇಲೆ ಅಳು. ಅವ್ವ ಹೋದ ಮೇಲೆ ಮೊದಲ ಸಲ, ಗಿರಣಿಗಿಂತ ಜೋರಾಗಿ ಅತ್ತುಬಿಟ್ಟೆ. ಯಾರೋ ನನ್ನನ್ನು ಸುಮ್ಮನಾಗಿಸಲು ಬಂದರೆ ಚಾಚಾ ಕೈ ಅಡ್ಡ ಹಿಡಿದರು. ನಾನು ಬಿಕ್ಕಳಿಕೆಗೆ ಬಂದಾಗ ಬಗ್ಗಿ ಕೇಳಿದರು: "ಅತ್ತು ಮುಗೀತೇನು? ಪಕ್ಕಡ ಎಲ್ಲೈತಿ?"

ಚೀಲ ತೋರಿಸಿದೆ.

ಮರುದಿನದಿಂದ ಅಪ್ಪ ಕೆಲಸಕ್ಕೆ ಹೋಗುವಾಗ ನನ್ನನ್ನು ಗಿರಣಿಯಲ್ಲಿ ಬಿಟ್ಟು ಹೋಗುವುದೆಂದು ಚಾಚಾ ಫೈಸಲಾ ಮಾಡಿದರು. ಯಾರನ್ನೂ ಕೇಳಲಿಲ್ಲ, ಕೇಳಿದ್ದರೂ ಅವರಿಗೆ ಉತ್ತರ ಕೇಳುತ್ತಿರಲಿಲ್ಲ.

ಗಿರಣಿಯ ಕಾಯದೆ ಗೊತ್ತಿಲ್ಲದವರಿಗೆ ಹೇಳಬೇಕು. ಕಾಳಿನ ಡಬ್ಬಿ ತಂದವರು ಅದನ್ನು ಗೋಡೆಯ ಗುಂಟ ಪಾಳಿಯಲ್ಲಿ ಇಟ್ಟು ಮನೆಗೆ ಹೋಗಬಹುದು. ಯಜಮಾನರು ಇರಲಿ ಬಿಡಲಿ, ಡಬ್ಬಿಯೇ ಅವರ ಪರವಾಗಿ ಪಾಳಿಯಲ್ಲಿ ನಿಂತಿರುತ್ತದೆ. ಚಾಚಾ ಅದರ ಮೇಲೆ ಸೀಮೆಸುಣ್ಣದಿಂದ ಅಂಕಿ ಬರೆಯುತ್ತಿದ್ದರು. ಆ ಅಂಕಿ ಬಿತ್ತೆಂದರೆ ಊರಗೌಡರ ಡಬ್ಬಿಯೂ ಒಂದು ಗೇಣು ಮುಂದೆ ಸರಿಯುವಂತಿಲ್ಲ. ಪಾಳಿ ಮುರಿಯಲು ಹೆಂಗಸರು ಮಾಡುತ್ತಿದ್ದ ಜಗಳಗಳೋ, ಅವು ಇನ್ನೊಂದು ಪುರಾಣ.

ಅಪ್ಪ ನನ್ನನ್ನು ಕೊನೆಯ ಡಬ್ಬಿಯ ಬಾಜೂ ಕೂಡಿಸಿದರು. ಚಾಚಾ ನನ್ನ ಅಂಗೈ ಮೇಲೆ ಅಂಕಿ ಬರೆದರು. "ಇದು ಅಳಿಸಬಾರ್ದು. ಯಾರು ಇಟ್ಟು ಹೋಗ್ಯಾರೋ ಅವ್ರ ಬಂದು ತಗೊಂಡು ಹೋಗಬೇಕು. ನನ್ನ ಗಿರಣ್ಯಾಗ ಬಿಟ್ಟು ಹೋದ ಡಬ್ಬಿ ಇವತ್ತಿನತನಾ ಒಂದೂ ಇಲ್ಲ."

ಮಧ್ಯಾಹ್ನದ ತನಕ ಕೂತೆ. ನನ್ನ ಹಿಂದೆ ಬಂದ ಡಬ್ಬಿಗಳೆಲ್ಲ ಹಿಟ್ಟಾಗಿ ಮನೆಗೆ ಹೋದವು. ನನಗೆ ಅನ್ಯಾಯವೆನಿಸಿತು. "ಚಾಚಾ, ನನ್ನ ಪಾಳಿ ಯಾವಾಗ?" ಎಂದು ಕೂಗಿದೆ.

"ನಿನ್ನ ಬೀಸಬೇಕೇನು ಹುಚ್ಚಿ?" ಎಂದು ಅವರು ಕೂಗಿದ್ದಕ್ಕೆ ಇಡೀ ಗಿರಣಿ ನಕ್ಕಿತು. ನಾನೂ ನಕ್ಕೆ. ನಗು ಬಂದದ್ದಕ್ಕೆ ನಾಚಿಕೆಯಾಗಿ ತಿರುಗಿ ಕೂತೆ. ಅವ್ವ ಸತ್ತ ಮನೆಯವಳು ನಗಬಹುದೋ ಬಾರದೋ ನನಗೆ ಗೊತ್ತಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಮೋಟಾರು ಗಕ್ಕನೆ ನಿಂತಿತು. ಕರೆಂಟು ಹೋಯಿತು. ಚಾಚಾಗೆ ಅಭ್ಯಾಸಬಲದಿಂದ ಲೈನ್‌ಮನ್ನನ ಏಳು ತಲೆಮಾರಿಗೂ ಬೈಗುಳ ಬಾಯಿಗೆ ಬಂತು. ಮೊದಲ ತಲೆಮಾರು ಮುಗಿಯುವಷ್ಟರಲ್ಲಿ ಆ ಕುಲದ ಕೂಸು ಬಾಜೂಕೇ ಕೂತದ್ದು ನೆನಪಾಗಿ ಕೆಮ್ಮಿದರು. ನನ್ನನ್ನು ಎತ್ತಿ ಮೋಟಾರಿನ ಮೇಲಿನ ಬಲ್ಬು ತೋರಿಸಿದರು.

"ನೋಡಿಲ್ಲಿ. ಹೇಳದ ಕೇಳದ ಕರೆಂಟ್ ಹೋತಂದ್ರ, ನಿಮ್ಮಪ್ಪ ಲೈನ್ ಬಂದ್ ಮಾಡ್ಸಿ ಕಂಬ ಏರ್ಯಾನಂತ. ಕರೆಂಟ್ ಇಲ್ಲದ ತಂತಿ ಅಂದ್ರ ಅರಿವಿ ಒಣಗಹಾಕೂ ಹಗ್ಗ ಇದ್ದಂಗ, ಏನೂ ಮಾಡೂದಿಲ್ಲ. ಬಲ್ಬ್ ಹತ್ತಿತಂದ್ರ ಇಳದಾನಂತ."

ನಾನು ರೆಪ್ಪೆ ಬಡಿಯದೆ ಬಲ್ಬು ನೋಡಿದೆ. ಎಷ್ಟೋ ಹೊತ್ತಿನ ಮೇಲೆ ಅದು ಹತ್ತಿತು. "ಇಳದಾ!" ಎಂದು ಕೂಗಿದೆ. ಪಾಳಿಯ ಹೆಂಗಸರಿಗೆ ಅದು ಆಟವಾಯಿತು. ದಿನಾ ಕರೆಂಟು ಹೋದ ಕೂಡಲೇ ಎಲ್ಲರೂ "ಏರ್ಯಾನ!" ಎನ್ನುವುದು, ಬಂದ ಕೂಡಲೇ "ಇಳದಾನ!" ಎನ್ನುವುದು. ಅಪ್ಪನ ಸಾಹೇಬರಿಗೂ ಗೊತ್ತಿಲ್ಲದಷ್ಟು ಅಪ್ಪನ ಹಾಜರಿ ನಮಗೆ ಗೊತ್ತಿರುತ್ತಿತ್ತು. ಆದರೂ ಮುಂಜಾನೆ ಅವರು ಸೈಕಲ್ಲು ಹತ್ತುವಾಗ ನನ್ನ ಕೈ ಅವರ ಅಂಗಿಯನ್ನು ಬಿಡುತ್ತಿರಲಿಲ್ಲ. ಚಾಚಾ ಒಂದೊಂದೇ ಬೆರಳು ಬಿಡಿಸಬೇಕಾಗುತ್ತಿತ್ತು.

ಯಾಕೆಂದರೆ ನನಗೆ ಒಂದು ಅನುಮಾನ ಉಳಿದಿತ್ತು. ಇಟ್ಟ ಡಬ್ಬಿಯನ್ನು ಯಾರೂ ಬಿಟ್ಟು ಹೋಗಿಲ್ಲ ಎಂದು ಚಾಚಾ ಹೇಳಿದ್ದರು. ಯಾರೂ ಕೇಳಲು ಬರದಿದ್ದರೆ ಆ ಡಬ್ಬಿಯ ಗತಿ ಏನು? ಹಳೆಯ ವಿದ್ಯೆ ಕೈಯಲ್ಲೇ ಇತ್ತು. ಒಂದು ದಿನ ಪಾಳಿಯಲ್ಲಿದ್ದ ಅತ್ಯಂತ ದರಿದ್ರ ಡಬ್ಬಿಯನ್ನು ಆರಿಸಿದೆ. ಮೈಯೆಲ್ಲ ತಗ್ಗು ಬಿದ್ದಿದ್ದ, ಒಂದು ಹಿಡಿಕೆ ಹೋದ, ಗುಜರಿಯವನೂ ಮುಟ್ಟದ ಹಳೆಯ ಎಣ್ಣೆ ಡಬ್ಬಿ. ಇದನ್ನಂತೂ ಯಾರೂ ಹುಡುಕಿಕೊಂಡು ಬರಲಿಕ್ಕಿಲ್ಲ ಎಂದುಕೊಂಡು ಖಾಲಿ ಚೀಲಗಳ ಹಿಂದೆ ದೂಡಿದೆ.

ಅದು ಮೂಲಿಮನಿ ಆಯಿಯ ಡಬ್ಬಿ. ಓಣಿಯ ಮೂಲೆಮನೆಯ ಆ ಮುದುಕಿಗೆ ಊರಿನ ನಾಯಿಗಳೂ ದಾರಿ ಬಿಡುತ್ತಿದ್ದವು. ಸಂಜೆ ಕೋಲು ಊರುತ್ತ ಬಂದಳು, ಪಾಳಿ ನೋಡಿದಳು, ಸೊಂಟಕ್ಕೆ ಕೈ ಇಟ್ಟಳು. ಆಮೇಲೆ ನಡೆದದ್ದನ್ನು ಊರು ಬಹಳ ದಿನ ಆಡಿಕೊಂಡಿತು. "ನನ್ನ ಡಬ್ಬಿ ಸಿಗೂತನಾ ಈ ಕಟ್ಟಿ ಬಿಟ್ಟು ಏಳಾಂಗಿಲ್ಲ, ನೀರೂ ಕುಡ್ಯಾಂಗಿಲ್ಲ!" ಎಂದು ಬಾಗಿಲಿಗೆ ಅಡ್ಡ ಕೂತಳು. ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಚಾಚಾ ಗಿರಣಿ ನಿಲ್ಲಿಸಿದರು. ಹೊಸ ಡಬ್ಬಿ ಕೊಡುತ್ತೇನೆ ಎಂದದ್ದಕ್ಕೆ ಆಯಿ, "ಹೊಸಾದನ್ನ ನಿನ್ನ ತಲಿ ಮ್ಯಾಲ ಇಟ್ಕೋ, ನನಗ ನಂದ ಬೇಕು" ಎಂದಳು. ಊರೆಲ್ಲ ಸೇರಿತು. ನಾಲ್ವರು ಗಂಡಸರು ಕಾಳು ತೆಗೆಯಲು ನೆಲದೊಳಗಿನ ಹಗೇವಿಗೆ ಇಳಿಯುವವರ ಹಾಗೆ ಪಂಚೆ ಮೇಲೆ ಕಟ್ಟಿ ಚೀಲ ಎತ್ತತೊಡಗಿದರು.

ನನಗೆ ಹೆದರಿಕೆಯಾಗಬೇಕಿತ್ತು. ಆದರೆ ಏನೋ ಒಂಥರಾ ಖುಷಿ... ನಾನೇ ಹೋಗಿ ಡಬ್ಬಿ ಎಳೆದು ತಂದು ಆಯಿಯ ಮುಂದೆ ಇಟ್ಟೆ. ಕೋಲು ಮೇಲೆದ್ದಿತು.

"ಯಾಕ ಮುಚ್ಚಿಟ್ಟಿ?" ಎಂದರು ಚಾಚಾ.

"ಕೇಳಾಕ ಬರ್ತಾರೋ ಇಲ್ಲೋ ನೋಡಬೇಕಿತ್ತು."

ಕೋಲು ಅಲ್ಲೇ ನಿಂತಿತು. ಆಯಿ ನನ್ನ ಮುಖ ನೋಡಿದಳು, ನನ್ನ ಅಂಗೈಯ ಅಂಕಿ ನೋಡಿದಳು. "ಬರ್ಲಾರದ ಬಿಡ್ತಾರೇನ್ ಲೇ? ತಗ್ಗ ಬಿದ್ರೂ ಡಬ್ಬಿ ನಂದು" ಎಂದು, ಕೋಲಿನ ತುದಿಯಿಂದ ನನ್ನ ತಲೆಗೆ ಮೆಲ್ಲಗೆ ಒಂದು ಕೊಟ್ಟು ಹೋದಳು. ಅದು ಏಟೋ ಆಶೀರ್ವಾದವೋ ಇನ್ನೂ ತಿಳಿದಿಲ್ಲ.

ಸಾಲಿ ಶುರುವಾಗಲು ನಾಲ್ಕು ದಿನ ಉಳಿದಿತ್ತು. ಯರಗುಪ್ಪಿಯ ಮಾವ ಬಂದ, ಕೈಯಲ್ಲಿ ನನ್ನ ಅರಿವೆ ತುಂಬಲೆಂದೇ ತಂದ ಖಾಲಿ ಚೀಲ. ಮನುಷ್ಯ ಕೆಟ್ಟವನಲ್ಲ, ತಂಗಿಯ ಮಗಳ ಮೇಲೆ ಜೀವವೇ ಇತ್ತು. ಅಪ್ಪ ಕೆಲಸಕ್ಕೆ ಹೋಗಿದ್ದರು. ಅವರು ಬಂದ ಮೇಲೆ ಮಾತು ಮುಗಿಸಿ ಕರೆದುಕೊಂಡು ಹೋಗುತ್ತೇನೆಂದು ಮಾವ ಗಿರಣಿಗೇ ಬಂದು ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಮೂರು ಗಂಟೆಯ ಸುಮಾರಿಗೆ ಗಾಳಿ ಎದ್ದಿತು. ಎರೆಮಣ್ಣಿನ ದೂಳು ಕರ್ರಗೆ ಮೇಲೆದ್ದು, ಹಿಂದಿಂದೆ ಆಣೆಕಲ್ಲು, ಮಳೆ. ಕರೆಂಟು ಹೋಯಿತು. "ಏರ್ಯಾನ!" ಎಂದು ಯಾರೂ ಅನ್ನಲಿಲ್ಲ. ಮಳೆ ನಿಂತಿತು, ಕರೆಂಟು ಬರಲಿಲ್ಲ. ನಾಲ್ಕಾಯಿತು, ಐದಾಯಿತು. ಹೊಲದಿಂದ ಬಂದ ಒಬ್ಬ, ದುಂಡಿಹಳ್ಳದ ಹತ್ತಿರ ಮೂರು ಕಂಬ ಉರುಳಿವೆ ಎಂದ. ಲೈನ್‌ಮನ್ ಕಂಡನೇ ಎಂದರೆ, ಕಾಣಲಿಲ್ಲ ಎಂದ. ಗಿರಣಿಯೊಳಗೆ ಮತ್ತೆ ಆ ಪಿಸುಪಿಸು ಶುರುವಾಯಿತು.

ನಾನು ಎದ್ದು ನಿಂತು ಕೂಗಿದೆ: "ಚಾಚಾ! ಅಪ್ಪ ಬರದಿದ್ರ?"

"ಬಿಡ್ತು ಅನ್ನವಾ! ಹಂಗ ಅನಬಾರ್ದು!" ಎಂದು ನಾಲ್ಕೂ ಕಡೆಯಿಂದ ಹೆಂಗಸರು ಮುಗಿಬಿದ್ದರು.

"ಸುಮ್ನಿರ್ರಿ ಎಲ್ಲಾರೂ!" ಎಂದು ಚಾಚಾ ಗುಡುಗಿದರು. "ಕೂಸು ಕೇಳಾಕತ್ತೈತಿ, ಹೇಳಬೇಕು. ನಿಮ್ಮಪ್ಪ ಬರ್ತಾನ, ಮೂರು ಕಂಬ ಎಬ್ಬಸೂದಂದ್ರ ಹೊತ್ತಾಗೂದ. ಆದ್ರ ಬರ್ಲಿಲ್ಲ ಅಂತ ಇಟ್ಕೋ. ನೀ ನನ್ನ ಗಿರಣ್ಯಾಗ ಅದಿ, ನನ್ನ ಮನಿಗೆ ಒಯ್ತೀನಿ. ಮೊದಲ ಪಾಳಿ ನಂದು!"

ಸೀಮೆಸುಣ್ಣ ತೆಗೆದು ಗಿರಣಿಯ ಬಾಗಿಲ ಮೇಲೆ ಒಂದು ಅಂಕಿ ಬರೆದು, ಮುಂದೆ ತಮ್ಮ ಹೆಸರು ಬರೆದೇಬಿಟ್ಟರು.

ಪಾಳಿ ಎಂಬ ಮಾತು ಆ ಹೆಂಗಸರ ಕಿವಿಗೆ ಬಿದ್ದದ್ದೇ ತಡ, ರಕ್ತದ ಗುಣ ಎದ್ದಿತು. ಮೂಲಿಮನಿ ಆಯಿ ಕೋಲು ಕುಟ್ಟಿದಳು. "ಯಾರನ್ನ ಕೇಳಿ ಬರದಿ? ಮುಂಜಾನಿ ಆರಕ್ಕ ಬಂದಾಕಿ ನಾ! ಮೊದಲ ಪಾಳಿ ನಂದು!"

ಅಂಗನವಾಡಿ ಬಾಯಾರು, "ನನ್ನ ಕೈಯಾಗ ಎರಡು ವರ್ಷ ಅಕ್ಷರ ಕಲ್ತಾಳ, ನಂದು ಹಿಂದ ಹೆಂಗಾಕ್ಕೈತ್ರಿ?" ಎಂದರು. ಚಹಾ ತಂದಿದ್ದ ಚಾಚಿ ಕೆಟಲಿ ಕೆಳಗಿಟ್ಟು ಗಂಡನ ಮೇಲೆ ಹೊರಳಿದರು: "ನಿಮ್ಮ ಗೊರಕಿಗೆ ಕೂಸು ಹೆದರೂದಿಲ್ಲೇನು? ನನ್ನ ಹೆಸರು ಬರೀರಿ, ನನ್ನ ಬಾಜು ಮಲಗ್ತಾಳ." ಒಬ್ಬಳು ತನ್ನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಜೊತೆಯಾಗುತ್ತದೆ ಎಂದಳು. ಇನ್ನೊಬ್ಬಳು, ಇಬ್ಬರಿದ್ದವರಿಗೆ ಮೂರನೆಯವಳು ಯಾಕೆ, ನನಗೆ ಗಂಡುಮಕ್ಕಳೇ ಇರುವುದು ಎಂದಳು. ದನಿ ಏರಿತು, ಸೆರಗು ಸೊಂಟಕ್ಕೆ ಹೋಯಿತು. ಜೋಳ ಬೀಸುವ ಪಾಳಿಗೆ ಆಡುತ್ತಿದ್ದ ಜಗಳಕ್ಕಿಂತ ಒಂದು ಗುಂಜಿಯೂ ಕಡಿಮೆಯಿಲ್ಲದ, ಅಸಲಿ ಜಗಳ. ಯಾರೂ ನನ್ನನ್ನು ಸಮಾಧಾನ ಮಾಡಲು ಅದನ್ನು ಆಡಲಿಲ್ಲ. ನನ್ನನ್ನು ಮರೆತೇ ಬಿಟ್ಟಿದ್ದರು. ಅದಕ್ಕೇ ನನಗೆ ನಂಬಿಕೆ ಬಂತು.

ಮಾವ ಎದ್ದು ನಿಂತ. "ಏನ್ರಿ ಇದು? ನಾ ಸೋದರಮಾವ ಇಲ್ಲೇ ಅದೀನಿ! ರಕ್ತಸಂಬಂಧ ನಂದು!"

ಚಾಚಾ ಅವನ ತುಟಿ ನೋಡಿ ಮಾತು ತಿಳಿದುಕೊಂಡರು. "ಇರಬಹುದ್ರಿ. ಆದ್ರ ನೀವು ಬಂದಿದ್ದು ಮೂರು ತಾಸಿನ ಹಿಂದ. ಇಲ್ಲಿ ಗೌಡ ಬಂದ್ರೂ ಪಾಳಿ ಪಾಳೀನ. ಹಿಂದ ನಿಲ್ರಿ."

ಮಾವನ ಹೆಸರು ಎಂಟನೆಯದಾಗಿ ಬಿತ್ತು. ಅವನು ಚೀಲ ಹಿಡಿದುಕೊಂಡು ಕೂತಲ್ಲೇ ಕೂತ. ನಾನು ಬಾಗಿ ಬಾಗಿ ಬಾಗಿಲ ಮೇಲಿನ ಹೆಸರು ಎಣಿಸಿದೆ. ಮೇಲಿಂದ ಎಣಿಸಿದರೂ ಎಂಟು, ಕೆಳಗಿಂದ ಎಣಿಸಿದರೂ ಎಂಟು. ಆಮೇಲೆ ಚಾಚಿ ಕೊಟ್ಟ ಚಹಾದಲ್ಲಿ ಬ್ರೆಡ್ಡು ಅದ್ದಿ ತಿಂದೆ. ಮುಂಜಾನೆಯಿಂದ ಏನೂ ತಿಂದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಲ್ಬು ಒಮ್ಮೆ ಮಿಣುಕಿ, ಹತ್ತಿತು. ಗಿರಣಿಯೆಲ್ಲ "ಇಳದಾನ!" ಎಂದು ಕೂಗಿದ್ದು ಊರ ಕೊನೆಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಕೆಸರಿನ ಮುದ್ದೆಯಾಗಿ ಅಪ್ಪ ಬಂದರು. ಪಾಪ, ಏನೋ ದೊಡ್ಡ ಕೆಲಸ ಮಾಡಿ ಬಂದೆ, ಹೊಗಳುತ್ತಾರೆ ಎಂದುಕೊಂಡಿದ್ದರೇನೋ. ಬಾಗಿಲಲ್ಲೇ ಏಳು ಬಾಯಿಗಳು ಒಟ್ಟಿಗೆ ಹರಿಹಾಯ್ದವು. ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ದಿ, ಮನೆಯಲ್ಲಿ ಕೂಸಿದೆ ಎಂಬ ಖಬರಿಲ್ಲವೇ, ಒಂದು ಮಾತು ಹೇಳಿ ಕಳಿಸಬಾರದೇ... ಅಪ್ಪ ಬೆಪ್ಪಾಗಿ ನಿಂತರು. ಅವರ ಕಣ್ಣು ಬಾಗಿಲ ಮೇಲಿನ ಬರಹಕ್ಕೆ ಬಿತ್ತು.

"ಇದೇನ್ರಿ ಚಾಚಾ?"

"ನೀ ಸತ್ತ ಮ್ಯಾಲಿನ ಪಾಳಿ!"

ಅಪ್ಪ ಒಂದೊಂದೇ ಹೆಸರು ಓದಿದರು. ಎಂಟನ್ನೂ ಓದಿದರು. ಆಮೇಲೆ ಕೇಳಿದರು: "ಇದರಾಗ ನನ್ನ ಹೆಸರ ಇಲ್ಲಲ್ರಿ?"

"ನೀ ಮಾಲಕ ಅದೀಲೇ! ಮಾಲಕಗ ಎಲ್ಲಿ ಪಾಳಿ? ತಗೊಂಡ್ ನಡಿ ನಿನ್ನ ಡಬ್ಬಿ!"

ಅಪ್ಪ ನನ್ನನ್ನು ಎತ್ತಿಕೊಂಡರು. ಅವರ ಮೈ ನಡುಗುತ್ತಿತ್ತು. ಮಳೆಗೆ ಅಂದುಕೊಂಡೆ. ಈಗ ಹಾಗೆ ಅನಿಸುವುದಿಲ್ಲ.

ಮರುದಿನ ಮುಂಜಾನೆ ಅಪ್ಪ ಸೈಕಲ್ಲು ಹಿಡಿದರು. ಮಾವ, ಅತ್ತೆ ಇಬ್ಬರೂ ಹೊಸ್ತಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. "ಬರ್ತೀನಿ" ಎಂದರು ಅಪ್ಪ, ಹೆದರುತ್ತ ಹೆದರುತ್ತ. "ಲೈನ್ ಬಂದ್ ಮಾಡ್ಸಿ ಏರು" ಎಂದು ಹೇಳಿ ನಾನು ಹಲ್ಲುಜ್ಜಲು ಹೋದೆ. ಮಾವ ಆ ಖಾಲಿ ಚೀಲದಲ್ಲಿ ಎರಡು ಸೇರು ಗೋಧಿಹಿಟ್ಟು ತುಂಬಿಕೊಂಡು ಯರಗುಪ್ಪಿಗೆ ಹೋದ. ಅದಕ್ಕೂ ಗಿರಣಿಯಲ್ಲಿ ಪಾಳಿ ನಿಲ್ಲಬೇಕಾಯಿತು.

ಆಮೇಲೆ ನಾನು ದೊಡ್ಡವಳಾದೆ, ಬೇಗ ಬೇಗ ಆದೆ. ಓದಿದೆ, ಟೀಚರಾದೆ, ಈ ಕಲಘಟಗಿ ಸೀಮೆಗೆ ಬಂದೆ, ಮದುವೆಯಾದೆ. ಅಪ್ಪ ನಿವೃತ್ತರಾಗಿ ಕೆಲವು ವರ್ಷವಾಯಿತು. ಈಗ ನಮ್ಮ ಜೊತೆಗೇ ಇದ್ದಾರೆ. ಚಾಚಾ ಆಗೀಗ ಫೋನು ಮಾಡುತ್ತಿದ್ದರು. ಆ ಫೋನೆಂದರೆ ಅವರು ಕೂಗುವುದು, ಮುಗಿದ ಕೂಡಲೇ ಇಡುವುದು. ಕೊನೆಕೊನೆಗೆ ಅವರಿಗೆ ಪೂರಾ ಕೇಳುತ್ತಿರಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ನಾನು ತರಬೇತಿಯ ಮೇಲೆ ದೂರ ಇದ್ದೆ. ಸುದ್ದಿ ತಡವಾಗಿ ಬಂತು, ಹೋಗುವುದು ಇನ್ನೂ ತಡವಾಯಿತು. ಇವತ್ತು ನಾಳೆ ಎನ್ನುತ್ತ ವರ್ಷವೇ ಕಳೆಯಿತು. ಆ ಹಿಟ್ಟಿನ ವಾಸನೆ ಬಡಿದ ಮರುದಿನ ಬಸ್ಸು ಹತ್ತಿದೆ.

ಗಿರಣಿ ಮುಚ್ಚಿತ್ತು. ಚಾಚಿ ಮನೆಯ ಮುಂದಿನ ಕಟ್ಟೆಯ ಮೇಲೆ ಅವರೆಕಾಳು ಆರಿಸುತ್ತಿದ್ದರು. ನನ್ನನ್ನು ನೋಡಿ ಎದ್ದರು, ಅಪ್ಪಿಕೊಂಡರು, ಇಬ್ಬರೂ ಸ್ವಲ್ಪ ಅತ್ತೆವು. ಆಮೇಲೆ ಅವರು ನನ್ನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ ನಕ್ಕರು.

"ಅಗದಿ ನಿಮ್ಮವ್ವನ. ಎಂಥಾ ಖಟಪಟಿ ಹೆಣಮಗಳವಾ ಆಕಿ! ಪಾಳಿ ಮುರಿಯೂದ್ರಾಗ ಆಕಿನ್ನ ಮೀರಿಸಾವ್ರು ಊರಾಗ ಇರ್ಲಿಲ್ಲ. 'ಒಲಿ ಮ್ಯಾಲ ಹಾಲ ಇಟ್ಟು ಬಂದೀನಿ, ಉಕ್ಕತೈತಿ, ನಂದಷ್ಟು ಹಾಕ್ರಿ' ಅಂತ ಅಂಕಿ ಬೀಳೂದ್ರೊಳಗ ದಿನಾ ಮುಂದ ಬರಾಕಿ. ನಿಮ್ಮನ್ಯಾಗ ಎಮ್ಮೀನ ಇರ್ಲಿಲ್ಲ! ನಮ್ಮವ್ರು ಅಂತಿದ್ರು, ಆಕಿ ಹೇಳಿದಷ್ಟು ಹಾಲು ಖರೇನ ಉಕ್ಕಿದ್ರ ಹಳ್ಳ ಹರೀತಿತ್ತು ಅಂತ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಪ್ಪತ್ತೈದು ವರ್ಷ ನನಗೆ ದೇವರಂಥ ಅವ್ವ ಇದ್ದಳು; ಸುಳ್ಳು ಹೇಳಿ ಪಾಳಿ ಮುರಿಯುವ ಅವ್ವನನ್ನು ಮೊದಲ ಸಲ ನೋಡುತ್ತಿದ್ದೆ.

"ಜಡ್ಡಾದ ಮ್ಯಾಲೂ ಒಮ್ಮೆ ಬಂದಿದ್ಲು" ಎಂದರು ಚಾಚಿ, ಕಾಳಿನೊಳಗೆ ಕೈ ಆಡಿಸುತ್ತ. "ಗ್ವಾಡಿ ಹಿಡಕೊಂಡು ಬಂದಿದ್ಲು. ಎಲ್ಲಾರೂ ಡಬ್ಬಿ ಸರಿಸಿ, ನೀ ಮೊದಲ ಹಾಕ್ಕೊಳ್ಳವಾ ಅಂದ್ರು. ಎಷ್ಟು ಸಿಟ್ಟು ಮಾಡಿದ್ಲಂತಿ! 'ನಾ ಇನ್ನೂ ಸತ್ತಿಲ್ಲ, ನನ್ನ ಪಾಳಿ ಬಂದಾಗ ಹಾಕ್ರಿ' ಅಂತ ಹಿಂದ ಹೋಗಿ ಕುಂತ್ಲು. ಕಡೀಕೆ ಬೀಸಿಕೊಂಡು ಹೋದ್ಲು. ನಮ್ಮವ್ರು ಅವತ್ತು ಮನಿಗೆ ಬಂದು ಉಣ್ಣಲಿಲ್ಲ."

"ಇದನ್ನ ಚಾಚಾ ನನಗ ಯಾಕ ಹೇಳ್ಲಿಲ್ಲ, ಚಾಚಿ? ಎಲ್ಲಾ ಹೇಳಾವ್ರು."

"ನೀ ಕೇಳ್ಲಿಲ್ಲಲ್ಲವಾ. ಆವಾಗ ದಿನಾ ಬರೇ ನಿಮ್ಮಪ್ಪಂದಷ್ಟ ಕೇಳ್ತಿದ್ದಿ. ಒಂದಿನ ಅವ್ವಂದೂ ಕೇಳ್ತಾಳ, ಕೇಳಿದಾಗ ಹೇಳ್ತೀನಿ ಅಂತಿದ್ರು. ಫೋನ್ ಇಟ್ಟಾಗೊಮ್ಮೆ ಅಂತಿದ್ರು, ಇವತ್ತೂ ಕೇಳ್ಲಿಲ್ಲ ನೋಡು ಅಂತ."

ಕೇಳಿದ್ದರೂ ಕೊನೆಗೆ ಅವರಿಗೆ ಕೇಳುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅದಕ್ಕೂ ಮೊದಲು ಎಷ್ಟೋ ವರ್ಷ ಅವರ ಕಿವಿ ಕೂಗಿದರೆ ಕೇಳುತ್ತಿತ್ತು. ನಾನು ಕೂಗಲಿಲ್ಲ.